ಹದಿನೇಳು ಎಕರೆ, ನೂರು ಎಕರೆ, ಒಂದೂಕಾಲು ಎಕರೆ: ಚಿನ್ನಸ್ವಾಮಿ ಕ್ರೀಡಾಂಗಣ ಊರಾಚೆ ಹೋಗಬೇಕೆ?

ಚಿನ್ನಸ್ವಾಮಿ ಕ್ರೀಡಾಂಗಣವನ್ನು ಊರಿನ ನಡುವಿನಿಂದ ಎತ್ತಬೇಕು ಎಂಬ ಕೂಗು ಜೋರಾಗಿದ್ದು 2025ರ ಜೂನ್ 4ರ ನಂತರ. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು ತಂಡ 6 ರನ್ನುಗಳಿಂದ ಐಪಿಎಲ್ ಗೆದ್ದಿತ್ತು. ಮಾರನೆಯ ಸಂಜೆ ವಿಜಯೋತ್ಸವಕ್ಕೆ ಸೇರಿದ ಜನಸಂದಣಿಯಲ್ಲಿ, ಕ್ರೀಡಾಂಗಣದ ಗೇಟುಗಳ ಮುಂದೆ 11 ಮಂದಿ ಸತ್ತರು, ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಒಳಗೆ ಇದ್ದ ಜಾಗ 35,000 ಜನಕ್ಕೆ, ಬಂದವರು ಎರಡರಿಂದ ಮೂರು ಲಕ್ಷ ಎಂದು ಮುಖ್ಯಮಂತ್ರಿಗಳು ಅಂದೇ ಹೇಳಿದರು. ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ಜುಲೈನಲ್ಲಿ ಕೊಟ್ಟ ವರದಿ, ಈ ಕ್ರೀಡಾಂಗಣದ ವಿನ್ಯಾಸವೇ ಭಾರಿ ಜನಸಂದಣಿಗೆ ತಕ್ಕುದಲ್ಲ ಎಂದಿತು. ಆಗಸ್ಟಿನಲ್ಲಿ ಆನೇಕಲ್ ಕಡೆಯ ಸೂರ್ಯನಗರದಲ್ಲಿ 100 ಎಕರೆಯ ಕ್ರೀಡಾ ಸಂಕೀರ್ಣದ ಯೋಜನೆ ಮುಂದೆ ಬಂತು: 80,000 ಆಸನ, 1,650 ಕೋಟಿ ರೂಪಾಯಿ, ಕರ್ನಾಟಕ ಗೃಹ ಮಂಡಳಿಯ ಹೊಣೆ. ಅದೇ ವರ್ಷದ ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನ ಕೈ ತಪ್ಪಿ ನವಿ ಮುಂಬೈಗೆ ಹೋದವು.

ಹೀಗೆ ಒಂದು ಕಡೆ ಚಿನ್ನಸ್ವಾಮಿಯ 17 ಎಕರೆ, ಇನ್ನೊಂದು ಕಡೆ ಸೂರ್ಯನಗರದ 100 ಎಕರೆ. ಚರ್ಚೆ ಎಲ್ಲ ಈ ಎರಡು ಅಂಕಿಗಳ ನಡುವೆ ನಡೆಯುತ್ತಿದೆ. ನಾನು ನಿಮ್ಮ ಮುಂದೆ ಮೂರನೆಯದೊಂದು ಅಂಕಿ ಇಡುತ್ತೇನೆ. ಅದಕ್ಕೆ ಮುಂಚೆ ಒಂದು ಪದದ ವಿಷಯ.

ಇಂಥ ದುರಂತಕ್ಕೆ ನಾವು ‘ಕಾಲ್ತುಳಿತ’ ಅನ್ನುತ್ತೇವೆ. ಪತ್ರಿಕೆಯಲ್ಲೂ ಅದೇ, ಪೊಲೀಸ್ ದಾಖಲೆಯಲ್ಲೂ ಅದೇ. ಆ ಪದ ಕೇಳಿದ ಕೂಡಲೆ ಕಣ್ಣಿಗೆ ಬರುವುದು ಓಡುವ ಜನ, ಬಿದ್ದವರ ಮೇಲೆ ಕಾಲಿಟ್ಟು ಹೋಗುವ ಜನ. ಆದರೆ ಇಂಥ ಕಡೆ ಹೆಚ್ಚಿನವರು ಸಾಯುವುದು ನಿಂತಲ್ಲೇ, ಉಸಿರು ಕಟ್ಟಿ. ಒಂದು ಚದರ ಮೀಟರಿನಲ್ಲಿ ಇಬ್ಬರು ಇದ್ದರೆ ಆರಾಮಾಗಿ ನಿಲ್ಲಬಹುದು. ನಾಲ್ಕು ಮಂದಿಯಾದರೆ ನಡಿಗೆ ನಿಧಾನವಾಗುತ್ತದೆ. ಆರೇಳು ಮಂದಿಯಾದರೆ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಹಿಂದಿನವರ ಒತ್ತಡ ಅಲೆಯ ಹಾಗೆ ಮುಂದಕ್ಕೆ ಸಾಗಿ ಗೇಟಿನಲ್ಲಿ, ಗೋಡೆಯಲ್ಲಿ, ಬ್ಯಾರಿಕೇಡಿನಲ್ಲಿ ಮುಗಿಯುತ್ತದೆ. ಅಲ್ಲಿ ನಿಂತವರ ಎದೆಗೂಡು ಹಿಗ್ಗಲು ಜಾಗವಿರುವುದಿಲ್ಲ. ಹಿಂದಿದ್ದವರಿಗೆ ಮುಂದೇನಾಗುತ್ತಿದೆ ಎಂಬುದು ಕಾಣುವುದೇ ಇಲ್ಲ. ಅವರು ತಮ್ಮ ಮುಂದಿನ ಒಂದು ಹೆಜ್ಜೆ ಜಾಗಕ್ಕಷ್ಟೇ ಸರಿಯುತ್ತಿರುತ್ತಾರೆ. ‘ತುಳಿತ’ ಅಂದಾಗ ತಪ್ಪು ಜನರ ಕಾಲಿನದಾಗುತ್ತದೆ. ನಿಜವಾದ ತಪ್ಪು ಇರುವುದು ಗೇಟಿನ ಅಗಲದಲ್ಲಿ, ಅದರ ಮುಂದಿನ ಬಯಲಿನಲ್ಲಿ. ಇದು ಬರೀ ಪದದ ತಕರಾರಲ್ಲ. ತಪ್ಪು ಎಲ್ಲಿದೆ ಎಂಬುದರ ಮೇಲೆ ರಿಪೇರಿ ಎಲ್ಲಿ ಎಂಬುದು ನಿಂತಿದೆ.

ಈಗ ಗೇಟಿನ ಲೆಕ್ಕ. ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ‘ಗ್ರೀನ್ ಗೈಡ್’ ಎಂಬ ಕೈಪಿಡಿಯಿದೆ. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದ ಒಂದು ಮೆಟ್ಟಿಲ ಸಾಲಿನಲ್ಲಿ 66 ಮಂದಿ ಸತ್ತ ಮೇಲೆ, 1973ರಲ್ಲಿ ಮೊದಲು ಬಂದದ್ದು. ಅದರ ಪ್ರಕಾರ ಒಬ್ಬೊಬ್ಬರನ್ನೇ ಬಿಡುವ ತಿರುಗುಗೇಟಿನಲ್ಲಿ ಗಂಟೆಗೆ ಹೆಚ್ಚೆಂದರೆ 660 ಜನ ಅಂತ ಲೆಕ್ಕ ಹಿಡಿಯಬೇಕು. ನಿಮಿಷಕ್ಕೆ 11. ನಮ್ಮಲ್ಲಿ ಟಿಕೆಟ್ ಸ್ಕ್ಯಾನ್ ಮಾಡಿ, ಮೈ ತಡವಿ, ನೀರಿನ ಬಾಟಲಿ ಕಿತ್ತು ಒಳಗೆ ಬಿಡುವ ಕಡೆ ಅಷ್ಟೂ ಆಗುವುದಿಲ್ಲ. ಆದರೂ ಅದನ್ನೇ ಹಿಡಿಯೋಣ. 35,000 ಜನ ಒಂದು ಗಂಟೆಯಲ್ಲಿ ಒಳಗೆ ಹೋಗಬೇಕಾದರೆ ಸುಮಾರು 53 ತಿರುಗುಗೇಟು ಬೇಕು, ಅಷ್ಟೂ ಒಟ್ಟಿಗೆ ಕೆಲಸ ಮಾಡುತ್ತಿರಬೇಕು. ಒಂದು ಗಂಟೆ ಯಾಕೆ? ವಾರದ ದಿನ ಏಳೂವರೆಗೆ ಶುರುವಾಗುವ ಪಂದ್ಯಕ್ಕೆ ಜನ ಆಫೀಸು ಮುಗಿಸಿ ಬರುವುದೇ ಆರೂಕಾಲರ ಮೇಲೆ. ಗೇಟನ್ನು ಮೂರು ಗಂಟೆಗೇ ತೆರೆದರೂ ಹೆಚ್ಚಿನವರು ಕೊನೆಯ ಒಂದು ಗಂಟೆಯಲ್ಲೇ ಬರುತ್ತಾರೆ.

ಹೊರಬರುವುದಕ್ಕೆ ಅದೇ ಕೈಪಿಡಿಯಲ್ಲಿ ಬೇರೆ ಲೆಕ್ಕ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ, ಮೆಟ್ಟಿಲಾದರೆ 66. ಎಂಟು ನಿಮಿಷದಲ್ಲಿ ಎಲ್ಲರೂ ಹೊರಹರಿವಿನ ದಾರಿ ಸೇರಬೇಕು. 35,000 ಜನಕ್ಕೆ ಬಾಗಿಲುಗಳ ಒಟ್ಟು ಅಗಲ 53 ಮೀಟರ್ ಆಗಬೇಕು, ಮೆಟ್ಟಿಲುಗಳಾದರೆ 66 ಮೀಟರ್. ಈ ಅಗಲ ಕಾಗದದಲ್ಲಿ ಇದ್ದರೆ ಸಾಲದು. ಪಂದ್ಯ ಮುಗಿದ ಹೊತ್ತಿಗೆ ಒಂದು ಗೇಟಿಗೆ ಬೀಗ ಹಾಕಿದ್ದರೆ, ಇನ್ನೊಂದರ ಮುಂದೆ ಐಸ್‌ಕ್ರೀಮ್ ಗಾಡಿ ನಿಂತಿದ್ದರೆ, ಅಷ್ಟು ಮೀಟರ್ ಲೆಕ್ಕದಿಂದ ಹೋಯಿತು. ಆ ಜನ ಪಕ್ಕದ ಗೇಟಿಗೆ ತಿರುಗುತ್ತಾರೆ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿರುವ ಹಿಲ್ಸ್‌ಬರೊ ಫುಟ್‌ಬಾಲ್ ಕ್ರೀಡಾಂಗಣ ಸಾಕ್ಷಿ. 1989ರ ಏಪ್ರಿಲ್ 15. ಲೆಪಿಂಗ್ಸ್ ಲೇನ್ ಕಡೆ ನಿಂತು ನೋಡುವ ಟಿಕೆಟ್ ಇದ್ದವರು 10,100 ಮಂದಿ. ಅವರಿಗೆಂದು ಇದ್ದ ತಿರುಗುಗೇಟು ಏಳು. ಭಾಗಿಸಿ ನೋಡಿ: ಒಂದೊಂದಕ್ಕೆ 1,440ಕ್ಕೂ ಹೆಚ್ಚು ಜನ. ಗಂಟೆಗೆ 660ರ ಹಾಗೆ ಬಿಟ್ಟರೂ ಎರಡು ಗಂಟೆ ಹತ್ತು ನಿಮಿಷ. ಪಂದ್ಯ ಮೂರು ಗಂಟೆಗೆ, ಜನ ಬಂದು ಮುತ್ತಿದ್ದು ಎರಡೂವರೆಗೆ. ಹೊರಗಿನ ಒತ್ತಡ ತಾಳಲಾರದೆ 2.52ಕ್ಕೆ ಪೊಲೀಸರು ದೊಡ್ಡ ಗೇಟೊಂದನ್ನು ತೆರೆಸಿದರು. ನುಗ್ಗಿದ ಜನ ಎದುರಿಗೆ ಕಂಡ ಸುರಂಗದ ದಾರಿ ಹಿಡಿದು, ಆಗಲೇ ತುಂಬಿದ್ದ ಕಂಬಿ ಆವರಣದೊಳಗೆ ಸೇರಿಕೊಂಡರು. 97 ಜೀವ ಹೋಯಿತು.

ಆ ಕ್ರೀಡಾಂಗಣ ಈಗ ಎಲ್ಲಿದೆ ಗೊತ್ತೆ? ಇದ್ದಲ್ಲೇ ಇದೆ. ಕಂಬಿ ಬೇಲಿಗಳು ಹೋದವು, ನಿಲ್ಲುವ ಜಾಗದಲ್ಲಿ ಆಸನ ಬಂತು, ಜನರ ಸಂಖ್ಯೆ ಇಳಿಯಿತು, ಗೇಟು ಬದಲಾಯಿತು. ವಿಳಾಸ ಬದಲಾಗಲಿಲ್ಲ.

ಕುನ್ಹಾ ಆಯೋಗ ಚಿನ್ನಸ್ವಾಮಿಯ ಮುಖ್ಯ ದೋಷವಾಗಿ ತೋರಿಸಿದ್ದನ್ನು ಈ ಬೆಳಕಿನಲ್ಲಿ ಓದಬೇಕು. ಗೇಟುಗಳು ನೇರ ಫುಟ್‌ಪಾತಿಗೆ ತೆರೆದುಕೊಳ್ಳುತ್ತವೆ, ಸರದಿ ನಿಲ್ಲಲು ಒಳಗೆ ಜಾಗವಿಲ್ಲ, ಹಾಗಾಗಿ ಸರದಿ ರಸ್ತೆಯಲ್ಲೇ ನಿಲ್ಲುತ್ತದೆ. ಈ ಮಾತು ನೂರಕ್ಕೆ ನೂರು ಸರಿ. ಕ್ವೀನ್ಸ್ ರಸ್ತೆಯ ಫುಟ್‌ಪಾತಿನಲ್ಲಿ ಟಿಕೆಟ್ ಇರುವವನು, ಇಲ್ಲದವನು, ಜೆರ್ಸಿ ಮಾರುವವನು, ಮೆಟ್ರೊ ಇಳಿದು ಮನೆಗೆ ಹೋಗುವವಳು ಎಲ್ಲರೂ ಒಂದೇ ಸಾಲಿನಲ್ಲಿ. ಯಾರು ಯಾರೆಂದು ಬೇರ್ಪಡಿಸುವ ಮೊದಲ ಜಾಗವೇ ಗೇಟು. ಬೇರ್ಪಡಿಸುವ ಕೆಲಸ ಗೇಟಿನಿಂದ ಐವತ್ತು ಅರವತ್ತು ಮೀಟರ್ ಮುಂಚೆಯೇ ಮುಗಿದಿರಬೇಕು.

ಈಗ ಆ ಮೂರನೆಯ ಅಂಕಿ. ಹೆಚ್ಚು ಒತ್ತಡದ ಹೊತ್ತಿನಲ್ಲಿ 10,000 ಜನ ಸರದಿಯಲ್ಲಿ ಇದ್ದಾರೆ ಅನ್ನಿ. ಚದರ ಮೀಟರಿಗೆ ಇಬ್ಬರಂತೆ 5,000 ಚದರ ಮೀಟರ್ ಬೇಕು. ಒಂದು ಎಕರೆ ಅಂದರೆ 4,047 ಚದರ ಮೀಟರ್. ಅಂದರೆ ಬೇಕಾದದ್ದು ಒಂದೂಕಾಲು ಎಕರೆ. ಹದಿನೇಳು ಎಕರೆಯ ಆವರಣದಲ್ಲಿ ಒಂದೂಕಾಲು ಎಕರೆ ಬಿಡಿಸಿಕೊಳ್ಳುವುದು ಆಗದ ಕೆಲಸವೇನಲ್ಲ. ಅಷ್ಟನ್ನೂ ಒಂದೇ ಕಡೆ ಬಿಡಿಸಬಾರದು. ನಾಲ್ಕು ದಿಕ್ಕಿನ ಗೇಟುಗಳಿಗೆ ಹಂಚಿ, ಗೇಟಿನ ಸಾಲನ್ನು ಫುಟ್‌ಪಾತಿನಿಂದ ಒಳಕ್ಕೆ ಸರಿಸಿ, ಮುಂದೆ ಅಂಗಳ ಬಿಡಬೇಕು. ವರ್ಷಗಳ ಕಾಲ ಇದೇ ಆವರಣದಲ್ಲಿದ್ದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ 2024ರಲ್ಲಿ ವಿಮಾನ ನಿಲ್ದಾಣದ ಹತ್ತಿರ ತನ್ನದೇ 40 ಎಕರೆಗೆ ಹೋಯಿತು. ಅಲ್ಲಿ ಮೂರು ಮೈದಾನಗಳಿವೆ, ಸಾಲು ಸಾಲು ನೆಟ್ಸ್ ಪಿಚ್ಚುಗಳಿವೆ. ಅದು ಸರಿಯಾದ ಸ್ಥಳಾಂತರ, ಏಕೆಂದರೆ ಅಕಾಡೆಮಿಗೆ ಬೇಕಿದ್ದುದು ಮೈದಾನ, ಪ್ರೇಕ್ಷಕರಲ್ಲ. ಹಾಗೆ ತೆರವಾದ ಜಾಗ, ಕ್ಲಬ್ಬಿನ ಕಟ್ಟಡಗಳು, ಒಳಗಿನ ವಾಹನ ನಿಲುಗಡೆ, ಇವನ್ನೆಲ್ಲ ಅಳತೆ ಹಿಡಿದು ನೋಡಬೇಕು. ಸಾಲದಿದ್ದರೆ ಆಸನ ಕಡಿಮೆ ಮಾಡಬೇಕು. 35,000 ಇದ್ದದ್ದು 28,000ಕ್ಕೆ ಇಳಿದರೆ ಕ್ರಿಕೆಟ್ಟಿಗೆ ಏನೂ ಕೊರತೆಯಾಗದು.

‘ಅಂದು ಬಂದವರು 35,000 ಅಲ್ಲವಲ್ಲ, ಲಕ್ಷಗಟ್ಟಲೆ’ ಎಂದು ನೀವು ಕೇಳಬಹುದು. ಕೇಳಲೇಬೇಕು. ಎರಡು ಲಕ್ಷ ಜನ ಆರಾಮಾಗಿ ನಿಲ್ಲಲು ಅದೇ ಲೆಕ್ಕದಲ್ಲಿ 25 ಎಕರೆ ಬೇಕು. ಅದೂ ಕ್ರೀಡಾಂಗಣದ ಹೊರಗೆ, ಬರೀ ಸರದಿಗೆ. ಸೂರ್ಯನಗರದ 100 ಎಕರೆಯಲ್ಲೂ 80,000 ಆಸನದ ಕ್ರೀಡಾಂಗಣಕ್ಕೆ ಎರಡು ಮೂರು ಲಕ್ಷ ಜನ ಬಂದರೆ ಗೇಟಿನ ಮುಂದೆ ಆಗುವುದು ಅದೇ. ಟಿಕೆಟ್ ಇಲ್ಲದ, ಎಣಿಕೆ ಇಲ್ಲದ ಸಂಭ್ರಮವನ್ನು ಗೇಟು ಇರುವ ಯಾವ ಜಾಗದಲ್ಲೂ ಇಡಬಾರದು. ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡಿ. ಲಕ್ಷಾಂತರ ಜನ ಬರುತ್ತಾರೆ, ಹೋಗುತ್ತಾರೆ. ಅಲ್ಲಿ ‘ಒಳಗೆ’ ಎಂಬುದೇ ಇಲ್ಲ. ರಸ್ತೆಯುದ್ದಕ್ಕೆ ಜನ ಹರಡಿಕೊಳ್ಳುತ್ತಾರೆ, ಬೇಡವಾದಲ್ಲಿ ಅಡ್ಡರಸ್ತೆಗೆ ಹೊರಳುತ್ತಾರೆ. ಇಂಥ ಸಮಯದಲ್ಲಿ ಒಳಗೊಂದು ವೇದಿಕೆ ಇದೆ, ಆಟಗಾರರು ಒಳಗಿದ್ದಾರೆ, ಪ್ರವೇಶ ಉಚಿತವಿರಬಹುದು ಎಂಬ ಸುದ್ದಿಯೇ ಅಪಾಯ. ಆ ಸುದ್ದಿ ಹಬ್ಬಿದ ಕ್ಷಣ ಗೇಟು ಆಲಿಕೆಯ ಬಾಯಿಯಾಗುತ್ತದೆ. ಇದಕ್ಕೆ ಔಷಧ ಊರಾಚೆಯ ಜಮೀನಲ್ಲ.

ಈಗ ಊರ ನಡುವೆ ಇರುವುದರ ಲಾಭ. ಜನ ಬರುವುದನ್ನೇ ನಾವು ಯೋಚಿಸುತ್ತೇವೆ, ಹೋಗುವುದನ್ನು ಯೋಚಿಸುವುದಿಲ್ಲ. ಬರುವವರಲ್ಲಿ ಕೆಲವರಾದರೂ ಮುಂಚೆಯೇ ಬರುತ್ತಾರೆ. ಹೋಗುವವರು ರಾತ್ರಿ ಹನ್ನೊಂದೂಕಾಲಿಗೆ ಒಟ್ಟಿಗೆ ಎದ್ದು ಹೊರಡುತ್ತಾರೆ. ಚಿನ್ನಸ್ವಾಮಿಯ ಮಗ್ಗುಲಲ್ಲಿ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ, ಆ ಪಕ್ಕ ಎಂ.ಜಿ. ರಸ್ತೆ ನಿಲ್ದಾಣ. ಆರು ಬೋಗಿಯ ಒಂದು ರೈಲು ಸುಮಾರು 1,600 ಜನರನ್ನು ಹೊರುತ್ತದೆ. ಐದು ನಿಮಿಷಕ್ಕೊಂದು ಬಿಟ್ಟರೆ ಗಂಟೆಗೆ ಒಂದು ದಿಕ್ಕಿಗೆ 19,200. ನೇರಳೆ ಮಾರ್ಗಕ್ಕೆ ಎರಡು ದಿಕ್ಕು: ಒಂದು ವೈಟ್‌ಫೀಲ್ಡ್ ಕಡೆ, ಇನ್ನೊಂದು ಚಲ್ಲಘಟ್ಟದ ಕಡೆ. ಪ್ರೇಕ್ಷಕರಲ್ಲಿ ಅರ್ಧದಷ್ಟು, ಅಂದರೆ 17,500 ಮಂದಿ, ಮೆಟ್ರೊ ಹಿಡಿದರೂ ಅರ್ಧ ಗಂಟೆಯಲ್ಲಿ ಪ್ಲಾಟ್‌ಫಾರ್ಮ್ ಖಾಲಿಯಾಗಬಹುದು. ಪಂದ್ಯದ ದಿನ ಕೊನೆಯ ರೈಲಿನ ಸಮಯ ಮುಂದಕ್ಕೆ ಹಾಕಿ, ವಾಪಸಾತಿ ಕಾಗದದ ಟಿಕೆಟನ್ನು ಮಧ್ಯಾಹ್ನವೇ ಮಾರಿದ್ದುಂಟು. ನೋಡಲು ಪುಟ್ಟ ಸಂಗತಿ. ಆದರೆ ರಾತ್ರಿ ಕೌಂಟರಿನ ಮುಂದೆ ಸಾವಿರಾರು ಜನ ಚಿಲ್ಲರೆ ಹುಡುಕುತ್ತಾ ನಿಲ್ಲುವುದು ತಪ್ಪಿದ್ದು ಆ ಕಾಗದದ ಚೀಟಿಯಿಂದ.

ಮಿಕ್ಕವರು ಶಿವಾಜಿನಗರದ ಬಸ್ಸಿಗೆ, ಬ್ರಿಗೇಡ್ ರಸ್ತೆಯ ಕಡೆಗೆ, ಕಬ್ಬನ್ ಪಾರ್ಕಿನ ಅಂಚಿಗೆ ನಡೆದು ಚದುರುತ್ತಾರೆ. ನಡುವೆ ಇರುವ ಜಾಗಕ್ಕೆ ಸುತ್ತಲೂ ದಾರಿ. ಅಂಚಿನಲ್ಲಿರುವ ಜಾಗಕ್ಕೆ ಒಂದೇ ದಾರಿ, ಊರಿನ ಕಡೆಗೆ. ಚಿನ್ನಸ್ವಾಮಿಯಲ್ಲಿ ಪ್ರೇಕ್ಷಕರಿಗೆ ವಾಹನ ನಿಲುಗಡೆ ಇಲ್ಲ ಎಂಬುದು ದೊಡ್ಡ ದೂರು. ನನಗೆ ಅದು ದೋಷವಾಗಿ ಕಾಣುವುದಿಲ್ಲ. ನಿಲ್ಲಿಸಲು ಜಾಗ ಸಿಗುವುದಿಲ್ಲ ಎಂದು ಗೊತ್ತಿರುವುದರಿಂದಲೇ ಅಷ್ಟು ಜನ ಕಾರು ಬಿಟ್ಟು ಬರುತ್ತಾರೆ.

ಸೂರ್ಯನಗರಕ್ಕೆ ಇದೇ ಅಳತೆಗೋಲು ಹಿಡಿಯಿರಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು: 19 ಕಿಲೋಮೀಟರ್, 16 ನಿಲ್ದಾಣ. ಶುರುವಿನಲ್ಲಿ ಇದ್ದುದು ಮೂರೇ ರೈಲು, 25 ನಿಮಿಷಕ್ಕೊಂದು. ಆ ಲೆಕ್ಕದಲ್ಲಿ ಗಂಟೆಗೆ ನಾಲ್ಕು ಸಾವಿರ ಜನವೂ ಹೋಗಲಾರರು. ರೈಲು ಬಂದಂತೆ ಅಂತರ ಇಳಿಯುತ್ತದೆ, ಒಪ್ಪೋಣ. ಐದು ನಿಮಿಷಕ್ಕೊಂದು ರೈಲು ಬಂತು ಅಂತಲೇ ಇಟ್ಟುಕೊಳ್ಳೋಣ. 80,000 ಜನರಲ್ಲಿ ನೂರಕ್ಕೆ ನಲವತ್ತು ಜನ ಮೆಟ್ರೊ ಹಿಡಿದರೆ 32,000. ಬೊಮ್ಮಸಂದ್ರ ಕೊನೆಯ ನಿಲ್ದಾಣ, ಹೊರಡುವ ದಿಕ್ಕು ಒಂದೇ. ಒಂದು ಗಂಟೆ ನಲವತ್ತು ನಿಮಿಷ ಬೇಕು. ಅದೂ ಜನ ಬೊಮ್ಮಸಂದ್ರ ತಲುಪಿದ ಮೇಲೆ. ಸೂರ್ಯನಗರ ಬೊಮ್ಮಸಂದ್ರದಿಂದಲೂ ಮುಂದೆ, ಚಂದಾಪುರ ದಾಟಿ ಆನೇಕಲ್ ದಿಕ್ಕಿಗೆ. ಒಂದು ಬಸ್ಸಿಗೆ 60 ಜನರಂತೆ 32,000 ಮಂದಿಗೆ 533 ಟ್ರಿಪ್. ಹೋಗಿ ಬರಲು 40 ನಿಮಿಷ ಹಿಡಿದರೆ ಎರಡು ಗಂಟೆಯಲ್ಲಿ ಒಂದು ಬಸ್ಸು ಮೂರು ಸಲ ಓಡೀತು. ಹಾಗಾದರೆ 178 ಬಸ್ಸು, ಬೇರೆ ಯಾವ ವಾಹನವೂ ನುಗ್ಗದ ಒಂದು ಪ್ರತ್ಯೇಕ ಪಥ. ಚಂದಾಪುರ ವೃತ್ತವನ್ನು ಸಾಮಾನ್ಯ ಸಂಜೆಯಲ್ಲಿ ದಾಟಿದವರಿಗೆ ಆ 40 ನಿಮಿಷ ಎಷ್ಟು ಉದಾರ ಎಂದು ಬಿಡಿಸಿ ಹೇಳಬೇಕಿಲ್ಲ.

ಉಳಿದ 48,000 ಜನರಲ್ಲಿ 20,000 ಮಂದಿ ದ್ವಿಚಕ್ರದಲ್ಲಿ ಬಂದರೂ 28,000 ಜನ ಕಾರಿನಲ್ಲಿ. ಕಾರಿಗೆ ಮೂವರಂತೆ ಸುಮಾರು 9,300 ಕಾರು. ತಿರುಗುವ ದಾರಿ ಸೇರಿ ಒಂದು ಕಾರಿಗೆ 23 ಚದರ ಮೀಟರ್ ಹಿಡಿದರೆ 53 ಎಕರೆ. ಒಟ್ಟು ಜಮೀನೇ 100 ಎಕರೆ, ಅದರಲ್ಲೇ ಈಜುಕೊಳ, ಒಳಾಂಗಣ ಕ್ರೀಡೆ, ಹೋಟೆಲು, ಸಭಾಂಗಣ ಎಲ್ಲ ಬರಬೇಕು. ಬಹುಮಹಡಿ ನಿಲುಗಡೆ ಕಟ್ಟಿದರೆ ಜಮೀನು ಉಳಿದೀತು, ಹೊತ್ತು ಉಳಿಯದು. ಒಂದು ಲೇನಿನಲ್ಲಿ ಗಂಟೆಗೆ ಸಾವಿರ ಕಾರು ಹೊರಬಂದರೆ ನಾಲ್ಕು ಲೇನಿಗೂ ಎರಡು ಗಂಟೆ ಇಪ್ಪತ್ತು ನಿಮಿಷ. ಬಸ್ಸು, ಕಾರು, ಬೈಕು ಎಲ್ಲ ಸೇರುವುದು ಅದೇ ಹೊಸೂರು ರಸ್ತೆಗೆ.

ಇದು ಬರೀ ಊಹೆಯ ಭಯವಲ್ಲ, ಬೇರೆ ಊರುಗಳು ಈ ದಾರಿಯಲ್ಲಿ ನಡೆದಿವೆ. ಹೈದರಾಬಾದ್ ಲಾಲ್ ಬಹದ್ದೂರ್ ಕ್ರೀಡಾಂಗಣ ಬಿಟ್ಟು ಉಪ್ಪಲ್‌ಗೆ ಹೋಗಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿಸಿದ್ದು 2005ರ ನವೆಂಬರಿನಲ್ಲಿ. ಅಲ್ಲಿಗೆ ಮೆಟ್ರೊ ಬಂದದ್ದು 2017ರ ನವೆಂಬರಿನಲ್ಲಿ. ಹನ್ನೆರಡು ವರ್ಷ. ಈಗ ಅದು ಚೆನ್ನಾಗಿಯೇ ನಡೆಯುತ್ತಿದೆ, ಊರೂ ಅಲ್ಲಿಯವರೆಗೆ ಬೆಳೆದಿದೆ. ನಾಗಪುರ 2008ರಲ್ಲಿ ಸಿವಿಲ್ ಲೈನ್ಸ್ ಬಿಟ್ಟು ವರ್ಧಾ ರಸ್ತೆಯ ಜಾಮ್ತಾಕ್ಕೆ ಹೋಯಿತು. ಅಲ್ಲಿನ ಮೆಟ್ರೊದ ಮೊದಲ ಹಂತ ಖಾಪ್ರಿಯಲ್ಲೇ ನಿಂತಿತು, ಕ್ರೀಡಾಂಗಣ ಇನ್ನೂ ಮುಂದೆ. ನಮ್ಮ ಬೊಮ್ಮಸಂದ್ರದ ಕಥೆಯೇ ಅದು. ಅಮೆರಿಕದ ಡೆಟ್ರಾಯಿಟ್ ತನ್ನ ಫುಟ್‌ಬಾಲ್ ತಂಡವನ್ನು 1975ರಲ್ಲಿ ಪಾಂಟಿಯಾಕ್ ಎಂಬ ಹೊರವಲಯದ ಊರಿಗೆ ಬಿಟ್ಟುಕೊಟ್ಟು 2002ರಲ್ಲಿ ಊರ ನಡುವಿಗೆ ವಾಪಸು ತಂದಿತು. ಸುಮಾರು 5.6 ಕೋಟಿ ಡಾಲರಿನಲ್ಲಿ ಕಟ್ಟಿದ ಆ ಹೊರವಲಯದ ಕ್ರೀಡಾಂಗಣ 2009ರಲ್ಲಿ ಹರಾಜಾದದ್ದು 5,83,000 ಡಾಲರಿಗೆ.

ಪುಣೆಯದು ಬೇರೆ ಥರದ ಪಾಠ. ಎಕ್ಸ್‌ಪ್ರೆಸ್‌ವೇ ಪಕ್ಕದ ಗಹುಂಜೆಯಲ್ಲಿ 2024ರ ಅಕ್ಟೋಬರ್ 24ರಂದು ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್. ಬಹುಪಾಲು ಸ್ಟ್ಯಾಂಡುಗಳಿಗೆ ಚಾವಣಿ ಇಲ್ಲ. ಬಿಸಿಲಿನಲ್ಲಿ ಕೂತವರಿಗೆ ಊಟದ ವಿರಾಮದ ಹೊತ್ತಿಗೆ ಕುಡಿಯುವ ನೀರಿಲ್ಲ. ಜನ ಘೋಷಣೆ ಕೂಗಿದರು, ಅಲ್ಲಿನ ಕ್ರಿಕೆಟ್ ಸಂಸ್ಥೆ ಕ್ಷಮೆ ಕೇಳಿತು. 20,000 ಜನಕ್ಕೆ ದಿನಕ್ಕೆ ಎರಡು ಲೀಟರ್ ಅಂದರೆ 40,000 ಲೀಟರ್, ಇಪ್ಪತ್ತು ಲೀಟರಿನ ಎರಡು ಸಾವಿರ ಕ್ಯಾನು. ಊರ ನಡುವೆ ಇದು ತಪ್ಪಿದರೆ ಗೇಟಿನಾಚೆ ನೂರು ಅಂಗಡಿ ಇರುತ್ತವೆ. ಹೆದ್ದಾರಿ ಪಕ್ಕದಲ್ಲಿ ಏನಿರುತ್ತದೆ?

ನೀರಿನ ಮಾತು ಬಂತು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಲ್ಲದೆ ಒದ್ದಾಡುತ್ತಿದ್ದಾಗ ಚಿನ್ನಸ್ವಾಮಿಯ ಹುಲ್ಲಿಗೆ ದಿನಕ್ಕೆ 75,000 ಲೀಟರ್ ಶುದ್ಧೀಕರಿಸಿದ ನೀರು ಬಂದದ್ದು ಕಬ್ಬನ್ ಪಾರ್ಕಿನ ಸಂಸ್ಕರಣಾ ಘಟಕದಿಂದ. ಕೂಗಳತೆಯ ದೂರ. ಆನೇಕಲ್ ತಾಲ್ಲೂಕು ಅಂತರ್ಜಲ ಮಿತಿಮೀರಿ ಬಳಕೆಯಾದ ಪಟ್ಟಿಯಲ್ಲಿದೆ. ಅಲ್ಲಿ ಮೈದಾನಕ್ಕೆಂದು ಕೊಳವೆಬಾವಿ ಕೊರೆದರೆ ಪಕ್ಕದ ಹೊಲದ ಬಾವಿ ಒಣಗುತ್ತದೆ. ಯೋಜನೆಯ ಅಂದಾಜಿನಲ್ಲಿ ಸಂಸ್ಕರಣಾ ಘಟಕವೂ ಅದರ ಕೊಳವೆಯೂ ಮೊದಲ ಸಾಲಿನಲ್ಲಿ ಇರಬೇಕು.

ಸ್ಥಳಾಂತರ ಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಕ್ರೀಡಾಂಗಣದ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಆ ಕಾಲದ ಬೆಂಗಳೂರೇ ಬೇರೆ. ಪಂದ್ಯದ ಸಂಜೆ ಕಬ್ಬನ್ ರಸ್ತೆ, ಕ್ವೀನ್ಸ್ ರಸ್ತೆ ಕಟ್ಟಿಹೋದರೆ ಆಂಬುಲೆನ್ಸಿಗೂ ದಾರಿಯಿಲ್ಲ, ಅದು ನಿಜ. ಆನೇಕಲ್, ಚಂದಾಪುರ, ಅತ್ತಿಬೆಲೆ ಕಡೆಯ ಮಕ್ಕಳಿಗೆ ಒಂದು ಒಳ್ಳೆಯ ಈಜುಕೊಳವಾಗಲಿ ಓಟದ ಟ್ರ್ಯಾಕ್ ಆಗಲಿ ಬೇಕು, ಅದೂ ನಿಜ. ಸಂಕೀರ್ಣದ ಆ ಭಾಗವನ್ನು ನಾಳೆಯೇ ಶುರುಮಾಡಲಿ. ಅದು ವರ್ಷವಿಡೀ ಬಳಕೆಯಾಗುತ್ತದೆ, ಹತ್ತಿರದವರು ಸೈಕಲ್ಲಿನಲ್ಲಿ ಬರುತ್ತಾರೆ. ಆದರೆ 80,000 ಆಸನದ ಬಟ್ಟಲು ತುಂಬುವುದು ವರ್ಷಕ್ಕೆ ಎಷ್ಟು ದಿನ? ಐಪಿಎಲ್ಲಿನ ತವರು ಪಂದ್ಯ ಏಳು, ಮೇಲೆ ಒಂದೆರಡು ಅಂತರರಾಷ್ಟ್ರೀಯ ಪಂದ್ಯ. ರಣಜಿ ಪಂದ್ಯಕ್ಕೆ 80,000 ಖಾಲಿ ಕುರ್ಚಿಗಳ ನಡುವೆ ಮುನ್ನೂರು ಜನ ಕೂತಿರುತ್ತಾರೆ.

ಊರ ನಡುವೆಯೇ ಕೆಡವಿ ಕಟ್ಟಿದರೆ ಎರಡು ಋತು ಎಲ್ಲಿ ಆಡುವುದು ಎಂಬುದು ಕಷ್ಟದ ಪ್ರಶ್ನೆ. ಲಂಡನ್ನಿನ ಟಾಟೆನ್‌ಹ್ಯಾಮ್ ತಂಡ ತನ್ನ ಹಳೆಯ ಮೈದಾನವನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿತು. ಮುಗಿಯುವವರೆಗೆ ಇನ್ನೊಬ್ಬರ ಮೈದಾನದಲ್ಲಿ ಆಡಿತು. ನಮ್ಮಲ್ಲಿ ಅಷ್ಟೂ ಬೇಕಿಲ್ಲ. ಐಪಿಎಲ್ ಮುಗಿದ ಮೇಲಿನ ಮಳೆಗಾಲದ ತಿಂಗಳುಗಳಲ್ಲಿ ವರ್ಷಕ್ಕೆ ಒಂದೊಂದು ಬದಿಯಂತೆ ಗೇಟು, ಮೆಟ್ಟಿಲು, ಅಂಗಳ ಸರಿಪಡಿಸುತ್ತಾ ಹೋಗಬಹುದು. ಸರಿಪಡಿಸದ ಬದಿಯ ಸ್ಟ್ಯಾಂಡುಗಳನ್ನು ಅಲ್ಲಿಯವರೆಗೆ ಮಾರದೆ ಖಾಲಿ ಇಡಬೇಕು. ಹಣ ಕಳೆಯುತ್ತದೆ ಎಂದು ರಾಜ್ಯ ಕ್ರಿಕೆಟ್ ಸಂಸ್ಥೆ ಗೊಣಗಬಹುದು, ಗೊಣಗಲಿ.

ಇಷ್ಟಾಗಿಯೂ ಸೂರ್ಯನಗರದ ದೊಡ್ಡ ಕ್ರೀಡಾಂಗಣ ಬೇಕೇ ಬೇಕು ಎಂದು ಸರ್ಕಾರ ತೀರ್ಮಾನಿಸಿದರೆ, ಕೆಲಸದ ಕ್ರಮವನ್ನಾದರೂ ತಿರುಗಿಸಲಿ. ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗಬೇಕಾದ ಉಪನಗರ ರೈಲಿನ ಕನಕ ಮಾರ್ಗ ಮೊದಲು ಓಡಲಿ. ಹೀಲಲಿಗೆ ನಿಲ್ದಾಣ ಚಂದಾಪುರದ ಮಗ್ಗುಲಲ್ಲೇ ಇದೆ, ಜನರನ್ನು ಹೊಸೂರು ರಸ್ತೆಯ ಹೊರತಾಗಿ ಸಾಗಿಸುವ ಎರಡನೆಯ ದಾರಿ ಅದೊಂದೇ. ಬಸ್ ಪಥ ಎರಡನೆಯದು. ಆಸನ ಮೂರನೆಯದು, ಅದೂ ಮೊದಲ ಹಂತದಲ್ಲಿ 30,000.

ಟಾಟೆನ್‌ಹ್ಯಾಮಿನ ಹೊಸ ಕ್ರೀಡಾಂಗಣದಲ್ಲಿ 62,000ಕ್ಕೂ ಹೆಚ್ಚು ಆಸನವಿದೆ. ಆದರೂ 2019ರ ಮಾರ್ಚಿನಲ್ಲಿ ಎರಡು ಪರೀಕ್ಷಾ ಪಂದ್ಯಗಳನ್ನು ನಡೆಸದೆ ಅದಕ್ಕೆ ಪೂರ್ಣ ಅನುಮತಿ ಸಿಗಲಿಲ್ಲ. ಮೊದಲನೆಯದಕ್ಕೆ ಅರ್ಧದಷ್ಟು ಜನವೂ ಇಲ್ಲ, ಎರಡನೆಯದಕ್ಕೆ ಇನ್ನಷ್ಟು ಹೆಚ್ಚು. ನಮ್ಮಲ್ಲೂ ಅದೇ ಆಗಲಿ. ಹತ್ತು ಸಾವಿರ ಟಿಕೆಟ್ ಮಾರಿ, ರಾತ್ರಿ ಹನ್ನೊಂದಕ್ಕೆ ಆಟ ನಿಲ್ಲಿಸಿ, ಕೊನೆಯ ಪ್ರೇಕ್ಷಕ ಬೊಮ್ಮಸಂದ್ರದ ಪ್ಲಾಟ್‌ಫಾರ್ಮಿನಲ್ಲಿ ರೈಲು ಹತ್ತುವವರೆಗೆ ಗಡಿಯಾರ ಹಿಡಿದು ಎಣಿಸಲಿ. ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಮಾರನೆಯ ಬೆಳಿಗ್ಗೆ ಪತ್ರಿಕೆಗಳಿಗೆ ಕೊಡಲಿ. ಮುಂದಿನ ಹತ್ತು ಸಾವಿರ ಆಸನಕ್ಕೆ ಮಂಜೂರಾತಿ ಕೊಡುವ ಮುಂಚೆ ಆ ಸಂಖ್ಯೆ ಕಡತದ ಮೊದಲ ಪುಟದಲ್ಲಿರಲಿ.